ಕಾಯುವ ಉಸಿರು

“ಈಗ ಯಾರ ಸರದಿ?”

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಚಾವಣಿ ನೋಡುತ್ತ ಮಲಗಿದ್ದ ಸಿಂಚನಾ ಯಾರನ್ನೂ ಕುರಿತು ಕೇಳಿದ್ದಲ್ಲ. ಮೂರು ಪದಗಳು ಒಂದರ ಬೆನ್ನಿಗೊಂದು ಬಂದವು, ನಡುವೆ ಎಲ್ಲೂ ಕಡಿಯಲಿಲ್ಲ. ಹೀಗೆ ಬೇಕೆನಿಸಿದ ಕ್ಷಣದಲ್ಲಿ ಬಾಯಿ ತೆರೆದು ಬೇಕೆನಿಸಿದ್ದನ್ನು ಕೇಳಿ ಆಕೆಗೆ ನಾಲ್ಕು ವರ್ಷವಾಗಿತ್ತು.

ಮಂಚದ ಪಕ್ಕದ ಯಂತ್ರ ಮೆಲ್ಲಗೆ ಉಸಿರು ತುಂಬಿತು. ಆಕೆ ಮತ್ತೆ ಶುರುಮಾಡಿದಳು. “ಯಂತ್ರದ್ದಾ ನಂದಾ ಅಂತ ಯಾರಾದ್ರೂ ಮೊದಲೇ ಹೇಳಿಬಿಟ್ರೆ ನಾನೂ ಅದಕ್ಕೆ ತಕ್ಕಂಗೆ…”

ಅಷ್ಟಕ್ಕೆ ಗಂಟಲು ಮುಚ್ಚಿಕೊಂಡಿತು. ಯಂತ್ರ ಇನ್ನೊಂದು ಗುಟುಕು ಗಾಳಿ ಕೊಡಲು ಬಂದಿತ್ತು. ಗಂಟಲು ಅದರ ಮುಖಕ್ಕೆ ಬಾಗಿಲು ಹಾಕಿತು. ಪರದೆಯ ಮೇಲೆ ಒತ್ತಡದ ಗೆರೆ ನೆಟ್ಟಗೆ ಎದ್ದು ನಿಂತು, ಎಚ್ಚರಿಕೆಯ ಗಂಟೆ ಬಡಿದುಕೊಳ್ಳತೊಡಗಿತು.

ಗಾಜಿನ ಗೋಡೆಯಾಚೆ ಕುಳಿತಿದ್ದ ಡಾ. ಇಂದುಧರ ಎದ್ದು ಬರುವಷ್ಟರಲ್ಲಿ ನರ್ಸ್ ಫಿಲೋಮಿನಾ ಯಂತ್ರವನ್ನು ಹಳೆಯ ಕ್ರಮಕ್ಕೆ ತಿರುಗಿಸಿಯಾಗಿತ್ತು. ಸಿಂಚನಾಳ ಕಣ್ಣಲ್ಲಿ ನೀರು ತುಂಬಿತ್ತು. ಒತ್ತಡಕ್ಕೆ ಬಂದ ನೀರು ಅದು.

“ಏನಾಯ್ತು ಕಣಮ್ಮ?” ಎಂದರು ಇಂದುಧರ.

ಆಕೆ ಯಂತ್ರದ ಮುಂದಿನ ಉಸಿರಿಗೆ ಕಾದಳು. “ಜಗಳ,” ಎಂದಳು. ಮತ್ತೆ ಕಾದಳು. “ಇಬ್ಬರಿಗೂ.”

ಈ ಶತಮಾನಕ್ಕೆ ಷಷ್ಟ್ಯಬ್ದಿಯಾಗಿದ್ದ ಕಾಲ ಅದು. ತುಮಕೂರಿನ ಶ್ವಾಸ ಪುನರ್ವಸತಿ ಕೇಂದ್ರದಲ್ಲಿ ಇಂದುಧರ ಕಟ್ಟಿದ ‘ಸಹಶ್ವಾಸ’ ಎಂಬ ಯಂತ್ರ ಒಂದೊಂದೇ ಹಾಸಿಗೆಗೆ ಬರುತ್ತಿತ್ತು. ಅದು ಮಾಡಿದ್ದೇನೆಂದು ತಿಳಿಯಬೇಕಾದರೆ ಅದಕ್ಕೂ ಮೊದಲಿನ ಸ್ಥಿತಿ ತಿಳಿಯಬೇಕು. ಹೊರಹೋಗುವ ಉಸಿರು ಗಂಟಲಿನ ಧ್ವನಿತಂತುಗಳನ್ನು ಸವರಿಕೊಂಡು ಹೋದಾಗ ಮನುಷ್ಯನ ದನಿ ಹುಟ್ಟುತ್ತದೆ. ಟ್ರಾಕಿಯಾಸ್ಟಮಿ ಎಂದರೆ ಆ ತಂತುಗಳಿಗಿಂತ ಕೆಳಗೆ, ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಕೊಳವೆ ಕೂರಿಸುವುದು. ತಾವಾಗಿ ಉಸಿರಾಡಲಾರದವರಿಗೆ ವೆಂಟಿಲೇಟರ್ ಆ ಕೊಳವೆಯ ಮೂಲಕ ಗಾಳಿ ಒತ್ತುತ್ತದೆ. ಗಾಳಿ ಕೆಳಗೇ ಹೋಗಿ ಕೆಳಗೇ ಬರುತ್ತದೆ. ಮೇಲಿನ ತಂತುಗಳು ತಿದಿ ಒತ್ತದ ಹಾರ್ಮೋನಿಯಮ್ಮಿನಂತೆ ಸುಮ್ಮನಿರುತ್ತವೆ.

ಕೊಳವೆಯ ಸುತ್ತಲಿನ ಪುಟ್ಟ ಬಲೂನನ್ನು ಇಳಿಸಿ, ಗಾಳಿ ಒಂದೇ ಕಡೆ ಹರಿಯುವಂಥ ಕವಾಟ ಸಿಕ್ಕಿಸಿ, ಸ್ವಲ್ಪ ಉಸಿರನ್ನು ಮೇಲಕ್ಕೆ ಬಿಡುವ ಉಪಾಯ ಹಳೆಯದೇ. ಅದರಿಂದ ದನಿ ಬರುತ್ತಿತ್ತು. ಆದರೆ ಯಂತ್ರ ತನ್ನ ತಾಳಕ್ಕೆ ಉಸಿರು ಕೊಡುತ್ತಿತ್ತು, ಮನುಷ್ಯ ಆ ತಾಳಕ್ಕೆ ಮಾತು ಕತ್ತರಿಸಿಕೊಳ್ಳಬೇಕಿತ್ತು. ‘ನೀರು’ ಎಂದು ಹೇಳಿ ಮುಂದಿನ ಉಸಿರಿಗೆ ಕಾಯಬೇಕು. ‘ಬೇಡ’ ಎನ್ನುವಷ್ಟರಲ್ಲಿ ಲೋಟ ತುಟಿಗೆ ಬಂದಿರುತ್ತಿತ್ತು.

ಸಹಶ್ವಾಸ ಇದನ್ನು ತಿರುವುಮುರುವು ಮಾಡಿತು. ಕತ್ತಿನ ಎರಡು ಬದಿಗೆ ಅಂಟಿಸಿದ, ಕುಂಕುಮದ ಬೊಟ್ಟಿನಷ್ಟಗಲದ ಗ್ರಾಹಕಗಳು, ಮಾತು ಹೊರಡುವ ಮೊದಲು ಗಂಟಲಿನ ಸ್ನಾಯುಗಳಲ್ಲಿ ಏಳುವ ಸಣ್ಣ ವಿದ್ಯುತ್ ಮಿಡಿತವನ್ನು ಹಿಡಿಯುತ್ತವೆ. ‘ಈಗ ಮಾತು ಬರಲಿದೆ, ಇಷ್ಟು ಉದ್ದ ಬರಬಹುದು’ ಎಂದು ಲೆಕ್ಕ ಹಾಕಿ ಯಂತ್ರ ಮೊದಲೇ ತುಂಬು ಉಸಿರು ಕೊಡುತ್ತದೆ. ಮಾತು ಉದ್ದವಾದರೆ ನಡುವೆ ತಂಗುವ ಜಾಗ ನೋಡಿ ಇನ್ನೊಂದು ಗುಟುಕು ಸೇರಿಸುತ್ತದೆ.

ತಂಗುವ ಜಾಗ ಯಾವುದೆಂದು ಇಂದುಧರರಿಗೆ ಗೊತ್ತಿತ್ತು. ಅವರ ತಂದೆ ಶ್ರಾವಣ ಮಾಸ ಪೂರ್ತಿ ಮಠದ ಜಗಲಿಯಲ್ಲಿ ಪುರಾಣ ಓದುತ್ತಿದ್ದವರು. ತಂದೆ ಪದ್ಯ ಹಾಡಿ ನಿಲ್ಲಿಸಿದರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಅಷ್ಟು ಹೊತ್ತು ಓದುಗರಿಗೆ ವಿಶ್ರಾಂತಿ. ಆದರೆ ಪದ್ಯದೊಳಗೂ ತಂದೆ ಯಾರಿಗೂ ಕಾಣದಂತೆ ಒಂದೆರಡು ಕಡೆ ಉಸಿರು ಕದಿಯುತ್ತಿದ್ದರು. ಕಂಬಕ್ಕೊರಗಿ ಕೂತು ಕೇಳುತ್ತಿದ್ದ ಹುಡುಗ ಅರ್ಥಕ್ಕಿಂತ ಮೊದಲು ಕಲಿತದ್ದು ಆ ಕಳ್ಳ ಉಸಿರಿನ ಜಾಗಗಳನ್ನು. ದೊಡ್ಡವನಾಗಿ ಯಂತ್ರಕ್ಕೆ ಕಲಿಸಿದ್ದೂ ಅದನ್ನೇ. ದೇವರ ಮುಂದೆ ಕೇಳಿದ್ದು ಎಲ್ಲರ ಗಂಟಲಿಗೂ ಒಪ್ಪುತ್ತದೆ ಎಂದು ಅವರು ನಂಬಿದ್ದರು.

ಹೆಚ್ಚಿನವರಿಗೆ ಒಪ್ಪಿತು. ಪಕ್ಕದ ವಾರ್ಡಿನಲ್ಲಿದ್ದ ನಿವೃತ್ತ ಬಸ್ ಕಂಡಕ್ಟರ್ ರೇವಣ್ಣ, ಸಹಶ್ವಾಸ ಬಂದ ವಾರವೇ ಇಡೀ ವಾರ್ಡಿಗೆ ಕೇಳುವಂತೆ ಕ್ಯಾತ್ಸಂದ್ರದಿಂದ ಪಾವಗಡದವರೆಗಿನ ಸ್ಟಾಪುಗಳನ್ನು ಕೂಗಿ, “ಮುಂದೆ ಹೋಗ್ರೀ, ಒಳಗಡೆ ಜಾಗ ಇದೆ,” ಎಂದು ನರ್ಸುಗಳನ್ನು ಗದರಿಸಿದ್ದರು.

ಮಾತು ಸಲೀಸಾದಂತೆ ಯಾರೂ ಎಣಿಸದ ಇನ್ನೊಂದು ಸಂಗತಿಯೂ ಕಾಣತೊಡಗಿತು. “ಅಪ್ಪಾ, ಗಂಜಿ ಬೇಕಾ ಬೇಡ್ವಾ?” ಎಂದು ವರ್ಷಗಟ್ಟಲೆ ಕೇಳಿ ರೂಢಿಯಾಗಿದ್ದ ಮಕ್ಕಳು ಈಗಲೂ ಹಾಗೆಯೇ ಕೇಳುತ್ತಿದ್ದರು. ಅಪ್ಪ ಗಂಜಿಯಿಂದ ಶುರುಮಾಡಿ ತಮ್ಮ ತಾಯಿ ಅಕ್ಕಿ ಹುರಿಯುತ್ತಿದ್ದ ರೀತಿಗೆ ಹೋದರೆ, ಮಗ ಮೆಲ್ಲಗೆ ಫೋನ್ ತೆಗೆಯುತ್ತಿದ್ದ. ಇಂದುಧರ ಇದನ್ನು ಗಮನಿಸಿದ್ದರು. ಆದರೆ ಅವರ ತಲೆಯಲ್ಲಿ ಆಗ ಇದ್ದದ್ದು ಸಿಂಚನಾ ಒಬ್ಬಳೇ. ಆಕೆಯೊಬ್ಬಳ ಗಂಟಲು ಮಾತ್ರ ಯಂತ್ರವನ್ನು ಹೊರಗೆ ನಿಲ್ಲಿಸುತ್ತಿತ್ತು.

ಸಿಂಚನಾ ರಾಜ್ಯ ಮಹಿಳಾ ಕಬಡ್ಡಿ ತಂಡದ ರೇಡರ್ ಆಗಿದ್ದವಳು. ಅಭ್ಯಾಸದ ದಿನ, ಎದುರು ಅಂಗಳದಿಂದ ಮಧ್ಯದ ಗೆರೆಗೆ ಮರಳಿ ಹಾರುವಾಗ ಗೆಳತಿ ತಬಸ್ಸುಮ್ ಆಕೆಯ ಹಿಮ್ಮಡಿ ಹಿಡಿದಿದ್ದಳು. ಸಾವಿರ ಸಲ ಹಿಡಿದಿದ್ದ ಹಿಡಿತವೇ. ಆ ದಿನ ಸಿಂಚನಾ ಕತ್ತು ಮಡಚಿ ಬಿದ್ದಳು. ಕತ್ತಿನಿಂದ ಕೆಳಗೆ ಯಾವುದೂ ಆಕೆಯ ಮಾತು ಕೇಳದಾಯಿತು, ಉಸಿರೂ ಸೇರಿದಂತೆ. ತಬಸ್ಸುಮ್ ಆಮೇಲೆ ಎಂದೂ ಅಂಗಳಕ್ಕಿಳಿದು ಆಡಲಿಲ್ಲ. ಊರಾಚೆಯ ಮೈದಾನದಲ್ಲಿ ಹುಡುಗಿಯರಿಗೆ ತರಬೇತಿ ಕೊಡುತ್ತ ಉಳಿದಳು. ತಪ್ಪದೆ ಆಸ್ಪತ್ರೆಗೆ ಬರುತ್ತಿದ್ದಳು.

ಗಂಟೆ ಬಡಿದುಕೊಂಡ ಮರುದಿನ ಇಂದುಧರ ಸ್ಟೂಲು ಎಳೆದುಕೊಂಡು ಸಿಂಚನಾಳ ಪಕ್ಕ ಕೂತರು.

“ನಿಮ್ಮ ಗಂಟಲಿಗೆ ನನ್ನ ಮೇಲೆ ಏನು ಕೋಪ?”

“ಕೋಪ ಅಲ್ಲ ಸಾರ್,” ಎಂದಳು. ಯಂತ್ರ ಹಳೆಯ ಕ್ರಮದಲ್ಲಿತ್ತು. “ಭಯ.” ಕಾದಳು. “ಔಟ್ ಆಗ್ತೀನಿ ಅಂತ.”

“ಯಾವ ಔಟು?”

“ನೀವು ಕಬಡ್ಡಿ… ಆಡಿಲ್ವಾ?”

“ನಾನು ಪುರಾಣ ಕೇಳ್ಕೊಂಡು ಬೆಳೆದೋನಮ್ಮ. ಓಡಿದ್ದೇ ಪ್ರಸಾದಕ್ಕೆ.”

ಆಕೆ ನಕ್ಕಳು. ನಗುವಿಗೂ ಉಸಿರು ಬೇಕು. ಅದು ಅರ್ಧಕ್ಕೆ ನಿಂತು, ಮುಂದಿನ ಉಸಿರಲ್ಲಿ ಪೂರ್ತಿಯಾಯಿತು. ಆಮೇಲೆ ತುಂಡುತುಂಡಾಗಿ ಹೇಳಿದಳು. ಎದುರಾಳಿಗಳ ಅಂಗಳಕ್ಕೆ ಹೋದವಳು ‘ಕಬಡ್ಡಿ’ ಎನ್ನುತ್ತಲೇ ಇರಬೇಕು, ಒಂದೇ ಉಸಿರಿನಲ್ಲಿ. ದನಿ ನಿಂತರೆ ಔಟ್. ಅಲ್ಲಿದ್ದಾಗ ಉಸಿರೆಳೆದುಕೊಂಡರೂ ಔಟ್. ಮಧ್ಯದ ಗೆರೆ ದಾಟಿ ತನ್ನ ಮನೆಗೆ ಬಂದ ಮೇಲಷ್ಟೇ ಉಸಿರು. ಎಂಟನೇ ವಯಸ್ಸಿಂದ ಗಂಟಲಿಗೆ ಕಲಿಸಿದ್ದು ಅದೊಂದೇ ಪಾಠ.

ಇಂದುಧರರ ತಂದೆಯ ವಿದ್ಯೆ ಉಸಿರು ಕದಿಯುವುದರಲ್ಲಿತ್ತು. ಈಕೆಯ ವಿದ್ಯೆಯಲ್ಲಿ ಕದ್ದವಳಿಗೆ ಜಾಗವೇ ಇಲ್ಲ. ಮಾತಿನ ನಡುವೆ ಯಂತ್ರ ಪ್ರೀತಿಯಿಂದ ಕೊಟ್ಟ ಗುಟುಕನ್ನು ಆಕೆಯ ಗಂಟಲು ಎದುರು ಅಂಗಳದಲ್ಲಿ ನಿಂತು ತಳ್ಳಿಹಾಕುತ್ತಿತ್ತು.

“ಹಾಗಾದ್ರೆ ನಡುವೆ ಕೊಡೋದೇ ಬೇಡ,” ಎಂದರು ಕೊನೆಗೆ. “ನೀವು ಮುಗಿಸೋವರೆಗೂ ಅದು ಕಾಯಲಿ.”

ಹೇಳುವುದು ಸುಲಭವಾಗಿತ್ತು. ವೆಂಟಿಲೇಟರ್ ಎಂಬುದು ಹುಟ್ಟಿದಂದಿನಿಂದ ಯಾರಿಗೂ ಕಾದ ಯಂತ್ರವಲ್ಲ. ಇಂದುಧರ ಅದಕ್ಕೆ ಕಾಯುವುದನ್ನು ಕಲಿಸಿದರು. ಮಾತಿಗೆ ಮುಂಚೆ ಎದೆ ತುಂಬ ಉಸಿರು. ಆಮೇಲೆ ಗಂಟಲಿನ ಮಿಡಿತ ತಾನಾಗಿ ಶಾಂತವಾಗುವವರೆಗೆ ಯಂತ್ರ ಕೈಕಟ್ಟಿ ನಿಲ್ಲಬೇಕು, ಎದೆಯಿಂದ ಗಾಳಿ ಒಮ್ಮೆಲೇ ಸೋರಿ ಹೋಗದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ.

ಕಾಯುವ ಕ್ರಮದಲ್ಲಿ ಸಿಂಚನಾ ಆಡಿದ ಮೊದಲ ಮಾತಿಗೆ ಬಲಿಯಾದವರು ಫಿಲೋಮಿನಾ. “ಸಿಸ್ಟರ್, ನಾಲ್ಕು ವರ್ಷದಿಂದ ಹೇಳ್ಬೇಕು ಅಂತಿದ್ದೆ, ನಿಮ್ಮ ಕಾಫಿಗೆ ಕಾಫಿಪುಡಿ ಹಾಕೋದು ಮರೀತೀರಾ ಇಲ್ಲಾ ಹಾಕಿದ್ದನ್ನ ಕಾಫಿಗೇ ಗೊತ್ತಾಗದಂಗೆ ಹಾಕ್ತೀರಾ, ನನ್ನ ಕೈಕಾಲು ಹೋಗಿದೆ ಹೊರತು ನಾಲಿಗೆ ಹೋಗಿಲ್ಲ.”

ಫಿಲೋಮಿನಾ ಸೊಂಟದ ಮೇಲೆ ಕೈಯಿಟ್ಟರು. “ಬೈಯೋಕೆ ಬಾಯಿ ಬಂತಲ್ಲ, ಏಸಪ್ಪನ ದಯೆ. ನಾಳೆಯಿಂದ ಕಷಾಯ.”

ಗಂಟೆ ಬಡಿಯಲಿಲ್ಲ. ಗಂಟಲು ಮುಚ್ಚಲಿಲ್ಲ. ಮಾತು ಮುಗಿದ ಮೇಲೆ ಯಂತ್ರ ತಾನಾಗಿ ಉಸಿರು ತುಂಬಿತು. ಗಾಜಿನಾಚೆ ನಿಂತಿದ್ದ ಇಂದುಧರರ ಕೈ ತಮಗರಿವಿಲ್ಲದೆ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಗಿತ್ತು.

ತಬಸ್ಸುಮ್ ಬಂದದ್ದು ಆ ಭಾನುವಾರ. ಬಾಗಿಲಲ್ಲಿ ನಿಂತೇ, “ಏನೇ, ಸಿಸ್ಟರ್‌ಗೆ ಬೈದೆಯಂತೆ?” ಎಂದಳು.

“ನಿನಗೂ ಇಟ್ಟಿದೀನಿ, ಕೂತ್ಕೋ. ನಿನ್ನ ಹುಡುಗೀರು ಕಾಲು ಎತ್ತಿಡೋದು ನೋಡಿದೆ ವೀಡಿಯೊದಲ್ಲಿ, ಕೆಸರಲ್ಲಿ ಎಮ್ಮೆ ನಡೆದಂಗೆ ನಡೀತಾರೆ, ಅದರಲ್ಲಿ ಆ ಉದ್ದ ಜಡೆಯವಳು ಒಬ್ಬಳೇ ರೇಡರ್ ಆಗೋಳು.”

ತಬಸ್ಸುಮ್ ಕೂರಲಿಲ್ಲ. ಕಿಟಕಿ ಕಡೆ ತಿರುಗಿ ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡಳು. ಆಮೇಲೆ ತಿರುಗಿ, ಯಾವುದೋ ಸಾಮಾನ್ಯ ಮಾತೆಂಬಂತೆ ಕೇಳಿದಳು: “ಬಂದು ನೀನೇ ಕಲ್ಸೇ. ಗೆರೆ ಪಕ್ಕ ಗಾಡಿ ನಿಲ್ಸೋಣ. ನೀನು ಕೂಗು, ನಾನು ಕೈಕಾಲು ತಿದ್ತೀನಿ.”

ಅಂದಿನಿಂದ ಸಿಂಚನಾಗೆ ಅದೊಂದೇ ಬೇಕಾಯಿತು: ಮೈದಾನ.

ಆಸೆ ಹುಟ್ಟಿದ ಕಡೆಯೇ ಎಡವಟ್ಟೂ ಆಯಿತು. ಇಬ್ಬರು ಗೆಳತಿಯರು ಒಂದು ಮಧ್ಯಾಹ್ನ, ಫಿಲೋಮಿನಾ ಊಟಕ್ಕೆ ಹೋದಾಗ, ಹಳೆಯ ಪಂದ್ಯ ಕಟ್ಟಿದರು. ಸಿಂಚನಾ ‘ಕಬಡ್ಡಿ ಕಬಡ್ಡಿ’ ಎನ್ನತೊಡಗಿದಳು. ತಬಸ್ಸುಮ್ ಬೆರಳು ಮಡಚುತ್ತ ಎಣಿಸುತ್ತಿದ್ದಳು. ಮೈದಾನದಲ್ಲಿ ಒಂದು ರೇಡಿಗೆ ಮೂವತ್ತು ಸೆಕೆಂಡು. ಮೂವತ್ತು ಕಳೆಯಿತು. ಯಂತ್ರ ಕಾಯುತ್ತಿತ್ತು, ಹೇಳಿಕೊಟ್ಟಂತೆ. ದನಿ ದಾರದಷ್ಟು ಸಣ್ಣಗಾದರೂ ನಿಲ್ಲಲಿಲ್ಲ. ನೆತ್ತರಿನ ಆಮ್ಲಜನಕ ತೋರಿಸುವ ಅಂಕಿ ತೊಂಬತ್ತರಿಂದ ಜಾರಿ, ಎಂಬತ್ತರ ಹತ್ತಿರ ಬಂದಾಗ ಸಿಂಚನಾಳ ಕಣ್ಣಗುಡ್ಡೆ ಮೇಲಕ್ಕೆ ಹೋಯಿತು. ಪ್ರಜ್ಞೆ ತಪ್ಪಿ ಗಂಟಲು ಸಡಿಲವಾದ ಮೇಲೆ ಯಂತ್ರ, ಮಾತು ಮುಗಿಯಿತೆಂದು ತಿಳಿದು, ಉಸಿರು ಕೊಟ್ಟಿತು.

ಎಚ್ಚರವಾದಾಗ ಇಂದುಧರ ಎದುರಿಗಿದ್ದರು. ಅವರು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ, ಅಂದೂ ಏರಿಸಲಿಲ್ಲ.

“ಯಾಕೆ ನಿಲ್ಲಿಸಲಿಲ್ಲ?”

“ವಾಪಸ್ ಬರೋಕೆ ಗೆರೆ ಕಾಣಲಿಲ್ಲ ಸಾರ್,” ಎಂದಳು ಸಿಂಚನಾ. “ಮೈದಾನದಲ್ಲಿ ಗೆರೆ ಇರುತ್ತೆ. ದಾಟಿದ್ರೆ ಮನೆ. ಇಲ್ಲಿ ಬರೀ ಚಾವಣಿ.”

ಇಂದುಧರ ಆಕೆಗೊಂದು ಗೆರೆ ಎಳೆದುಕೊಟ್ಟರು. ಮುಖದ ಸ್ಪರ್ಶಜ್ಞಾನ ಆಕೆಗೆ ಉಳಿದಿತ್ತು. ಬಲಗೆನ್ನೆಗೆ ಅಂಟಿಸಿದ ತೆಳುವಾದ ಪಟ್ಟಿ, ಆಮ್ಲಜನಕ ಇಳಿಯತೊಡಗಿದಾಗ, ಬೆರಳಿನಿಂದ ತಟ್ಟಿದಂತೆ ಮೆಲ್ಲಗೆ ತಟ್ಟುತ್ತದೆ. ಅದು ಮನೆಗೆ ಬಾ ಎಂಬ ಕರೆ. ಮಾತನ್ನು ಎಲ್ಲಿ ಮುಗಿಸಬೇಕೆಂದು ಆಕೆಯೇ ಆರಿಸಿಕೊಳ್ಳಬೇಕು. ಅದನ್ನೂ ಮೀರಿ ಅಂಕಿ ಇಳಿದರೆ ಮಾತ್ರ ಯಂತ್ರ ಕೇಳದೆ ಉಸಿರು ಕೊಡುತ್ತದೆ. ಮಳೆಗಾಲ ಕಳೆಯುವವರೆಗೂ ದಿನವೂ ಪರೀಕ್ಷೆ ನಡೆಯಿತು. ಕೆನ್ನೆ ತಟ್ಟಿದ ಮೇಲೆ ಸಿಂಚನಾ ಒಂದು ದಿನವೂ ಹೊರಗೆ ಉಳಿಯಲಿಲ್ಲ. ಹಿಂದಿರುಗಲು ತಿಳಿಯದವಳು ರಾಜ್ಯ ತಂಡದಲ್ಲಿ ಎಂಟು ವರ್ಷ ರೇಡರ್ ಆಗಿರಲಾರಳಷ್ಟೆ.

ಆದರೆ ಪ್ರಜ್ಞೆ ತಪ್ಪಿದ ಸಂಗತಿ ವರದಿಯಾಗಿತ್ತು. ಆಸ್ಪತ್ರೆಯ ಹೊರಗೆ ಯಂತ್ರ ಬಳಸಬೇಕಾದರೆ ಜೀವರಕ್ಷಕ ಯಂತ್ರಗಳ ಪರಿಶೀಲನಾ ಮಂಡಳಿ ಒಪ್ಪಬೇಕು. ಮಂಡಳಿಯ ಮೂವರು ಒಂದು ಬೆಳಗ್ಗೆ ಕೇಂದ್ರಕ್ಕೆ ಬಂದರು.

ಸಭೆಯ ಕೋಣೆಯಲ್ಲಿ ಸಿಂಚನಾಳ ಗಾಲಿಕುರ್ಚಿ ಮೇಜಿನ ಒಂದು ತುದಿಯಲ್ಲಿತ್ತು, ಯಂತ್ರ ಅದರ ಬೆನ್ನಿಗೆ. ಇನ್ನೊಂದು ತುದಿಯಲ್ಲಿ ಅಧ್ಯಕ್ಷೆ ಡಾ. ಶರ್ವಾಣಿ ಅಂಗಡಿ. ನರೆತ ಕೂದಲು, ಅವಸರವಿಲ್ಲದ ಕಣ್ಣು. ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಆಮ್ಲಜನಕದ ಅಂಕಿ ತೊಂಬತ್ತಾರು ಎಂದು ಹಸಿರಾಗಿ ನಿಂತಿತ್ತು. ಯಂತ್ರದ ಪಕ್ಕ ಕೂತ ಇಂದುಧರರ ಕೈಯಲ್ಲಿ ತುರ್ತು ಗುಂಡಿ. ಒತ್ತಿದರೆ ಯಂತ್ರ ಯಾವುದಕ್ಕೂ ಕಾಯದೆ ಉಸಿರು ಕೊಡುತ್ತದೆ. ತಬಸ್ಸುಮ್ ಬಾಗಿಲ ಬಳಿಯ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು.

“ಇಂದುಧರ ಅವರೇ,” ಎಂದರು ಅಧ್ಯಕ್ಷೆ, “ನಿಮ್ಮ ಕೆಲಸ ದೊಡ್ಡದು. ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಲೆಕ್ಕ ಎಲ್ಲಾ ನಿಂತಿರೋದು ಆಮ್ಲಜನಕ ಅಳೆಯೋ ಬೆರಳಿನ ಒಂದು ಕ್ಲಿಪ್ ಮೇಲೆ. ಮೈದಾನದಲ್ಲಿ ಧೂಳು, ಬೆವರು. ಕ್ಲಿಪ್ ಜಾರಿದರೆ?”

“ಜಾರಿದ ತಕ್ಷಣ ಯಂತ್ರ ಹಳೆ ಕ್ರಮಕ್ಕೆ ಬರುತ್ತೆ ಮೇಡಂ.”

“ಜಾರಿದ್ದು ಯಂತ್ರಕ್ಕೇ ಗೊತ್ತಾಗದಿದ್ದರೆ?” ಅವರು ಸ್ವಲ್ಪ ತಡೆದರು. “ನಾನು ಹೊಸದಾಗಿ ಡಾಕ್ಟರಾದಾಗ, ಒಬ್ಬರ ಕೊಳವೆ ಕಳಚಿಕೊಂಡಿದ್ದನ್ನ ನಾವು ಐದು ಜನ ಪಕ್ಕದಲ್ಲೇ ನಿಂತು ನೋಡಲಿಲ್ಲ. ಅವರು ಕೂಗೋ ಹಾಗಿರಲಿಲ್ಲ. ಅವತ್ತಿಂದ ನನಗೆ ಉಸಿರಿನ ಯಂತ್ರ ಅಂದ್ರೆ ಇಷ್ಟೇ: ಅದು ಯಾರ ಮಾತನ್ನೂ ಕೇಳಬಾರದು. ಹೊತ್ತಿಗೆ ಸರಿಯಾಗಿ ಉಸಿರು ಕೊಡಬೇಕು.”

ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಅಧ್ಯಕ್ಷೆ ಸಿಂಚನಾಳ ಕಡೆ ತಿರುಗಿದರು. ಮಂಡಳಿ ಒಂದು ದಾರಿ ಕಂಡುಕೊಂಡಿದೆ ಎಂದರು. ಮಾತು ಎಷ್ಟೇ ಉದ್ದವಿರಲಿ, ಹನ್ನೆರಡು ಸೆಕೆಂಡಿಗೆ ಯಂತ್ರ ಉಸಿರು ಕೊಟ್ಟೇ ಕೊಡುತ್ತದೆ. ಕ್ಲಿಪ್ ಜಾರಬಹುದು, ಗಡಿಯಾರ ಜಾರುವುದಿಲ್ಲ. ಇದಕ್ಕೆ ಒಪ್ಪಿದರೆ ಈಗಲೇ ಅನುಮತಿ. ಸೋಮವಾರವೇ ಮೈದಾನಕ್ಕೆ ಹೋಗಬಹುದು. ಒಪ್ಪದಿದ್ದರೆ ಕಾಯುವ ಕ್ರಮವನ್ನು ಮುಚ್ಚಿ, ಮುಂದಿನ ವರ್ಷದ ಸಭೆಯಲ್ಲಿ ನೋಡಲಾಗುವುದು. ಅಲ್ಲಿಯವರೆಗೆ ಹಳೆಯ ತಾಳ.

ತಬಸ್ಸುಮ್ ತಡೆಯಲಾರದೆ ಮುಂದಕ್ಕೆ ಬಾಗಿದಳು. “ಒಪ್ಕೊಳೇ. ಮೊದಲು ಮೈದಾನಕ್ಕೆ ಬಾ. ಮಿಕ್ಕಿದ್ದು ಆಮೇಲೆ ನೋಡಣ.”

ಇಂದುಧರರೂ ಆಕೆಯತ್ತ ನೋಡಿದರು. ಒಪ್ಪಿಕೊಳ್ಳಮ್ಮ ಎಂದು ಅವರ ಮುಖವೂ ಹೇಳುತ್ತಿತ್ತು. ಒಂದು ವರ್ಷದಲ್ಲಿ ಈ ದೇಹಕ್ಕೆ ಏನು ಬೇಕಾದರೂ ಆಗಬಹುದೆಂದು ಕೋಣೆಯಲ್ಲಿ ಅವರಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ.

ಸಿಂಚನಾ ಕಣ್ಣು ಮುಚ್ಚಿದಳು. ಗಂಟಲಿನ ಮಿಡಿತ ಕಂಡು ಯಂತ್ರ ಎದೆ ತುಂಬ ಉಸಿರು ಕೊಟ್ಟು ನಿಂತಿತು.

“ಮೇಡಂ, ರೇಡ್ ಹೋದ ಹುಡುಗಿಗೆ ಹಿಂದೆ ಏನಾಗ್ತಿದೆ ಕಾಣಲ್ಲ, ಅವಳ ಕಣ್ಣೆಲ್ಲಾ ಎದುರಿಗಿರೋ ಏಳು ಜನದ ಮೇಲಿರುತ್ತೆ, ಅದಕ್ಕೆ ನಮ್ಮ ಕಡೆ ಅಭ್ಯಾಸದಲ್ಲಿ ಗೆರೆ ಪಕ್ಕ ನಿಂತ ಕೋಚು ಅವಳು ಹೋದ ಗಳಿಗೆಯಿಂದ ವಾಪಸ್ ಬರೋವರೆಗೂ ದನಿ ಬಿಡದಂಗೆ ಕೂಗ್ತಾನೇ ಇರಬೇಕು, ಎಡಕ್ಕೆ, ಮೂಲೆ ನೋಡು, ಕಾಲು ಎಳ್ಕೋ, ಬಾ ಬಾ ಅಂತ, ಆ ದನಿ ಅವಳಿಗೆ ಹಿಂದಿನ ಕಣ್ಣು…”

ಗೋಡೆಯ ಅಂಕಿ ತೊಂಬತ್ತನಾಲ್ಕಾಯಿತು. ತೊಂಬತ್ತಮೂರು. ಮಂಡಳಿಯ ಸದಸ್ಯರೊಬ್ಬರು ಕುರ್ಚಿಯಲ್ಲಿ ಮಿಸುಕಾಡಿದರು. ಇಂದುಧರರ ಹೆಬ್ಬೆರಳು ಗುಂಡಿಯ ಮೇಲಿತ್ತು. ಕೆನ್ನೆಯ ಪಟ್ಟಿ ತಟ್ಟಿದ್ದು ಅವರಿಗೆ ಕಂಡಿತು. ಸಿಂಚನಾ “ಅಷ್ಟೇ,” ಎಂದು ನಿಲ್ಲಿಸಿದಳು. ಯಂತ್ರ ಉಸಿರು ಕೊಟ್ಟಿತು. ಅಂಕಿ ಮೆಲ್ಲಗೆ ಮೇಲೇರಿತು.

ಆಕೆ ಮತ್ತೆ ಹೊರಟಳು. ಈ ಸಲ ಕಣ್ಣು ಬಾಗಿಲ ಕಡೆಗಿತ್ತು.

“ನಾನು ಬಿದ್ದ ದಿನ ನಮ್ಮ ಕೋಚ್‌ಗೆ ಕೆಮ್ಮು ಇತ್ತು, ಪಾಪ ಎರಡು ದಿನದ ಜ್ವರ, ಆದರೂ ಬಂದಿದ್ರು, ನಾನು ಗೆರೆಗೆ ಇನ್ನೊಂದು ಹೆಜ್ಜೆ ದೂರ ಇದ್ದೆ, ಬಾ ಬಾ ಅಂತಿದ್ದ ದನಿ ಕೆಮ್ಮು ಬಂದು ಅರ್ಧಕ್ಕೆ ನಿಂತು ಹೋಯ್ತು, ಯಾಕೆ ನಿಂತಿತು ಅಂತ ನಾನು ಹಾರೋ ಹೊತ್ತಲ್ಲಿ ತಿರುಗಿ ನೋಡಿದೆ, ಕತ್ತು ತಿರುಗಿದ್ದಕ್ಕೇ ಹಂಗೆ ಬಿದ್ದಿದ್ದು, ತಬಸ್ಸುಮ್ ಹಿಡಿದಿದ್ದಕ್ಕಲ್ಲ, ಅವಳ ಹಿಡಿತ ಸರಿಯಾಗೇ ಇತ್ತು…”

ಬಾಗಿಲ ಬಳಿ ಕುರ್ಚಿ ಸದ್ದಾಯಿತು. ತಬಸ್ಸುಮ್ ಎದ್ದು ನಿಂತಿದ್ದಳು. ಏಕೆ ಎದ್ದಳೆಂದು ಅವಳಿಗೇ ತಿಳಿದಂತಿರಲಿಲ್ಲ. ತೊಂಬತ್ತೆರಡು. ಪಟ್ಟಿ ಮತ್ತೆ ತಟ್ಟಿತು. ಸಿಂಚನಾ ಗೆಳತಿಯ ಮುಖ ನೋಡುತ್ತಲೇ ಮಾತು ಮುಗಿಸಿದಳು: “ನಾಲ್ಕು ವರ್ಷದಿಂದ ಎಲ್ಲರೂ ಕೇಳಿದ್ದು ಯಾರು ಹಿಡಿದ್ರು ಅಂತ. ಅದಕ್ಕೆ ಉತ್ತರ ಒಂದೇ ಹೆಸರು. ಹೆಂಗೆ ಬಿದ್ದೆ ಅಂತ ಯಾರೂ ಕೇಳಲಿಲ್ಲ.”

ಉಸಿರು ಬಂತು. ಇಂದುಧರರಿಗೆ ವಾರ್ಡಿನ ಗಂಜಿಯ ಪ್ರಶ್ನೆಗಳು ನೆನಪಾದವು. ಈ ನಾಲ್ಕು ವರ್ಷ ತಾವೂ ಆಕೆಯನ್ನು ನೋವಿದೆಯೇ, ನಿದ್ದೆ ಬಂತೇ, ಸಾಕೇ ಎಂದು ಕೇಳುತ್ತಲೇ ಬಂದಿದ್ದರು. ಒಂದು ಪದದ ಉತ್ತರ ಸಾಕಾಗುವ ಪ್ರಶ್ನೆಗಳನ್ನೇ ಆರಿಸಿ ಕೇಳಿದ್ದರು, ಆಕೆಗೆ ಆಯಾಸವಾಗದಿರಲೆಂದು. ಮನೆಯಲ್ಲಿ ತಂದೆಗೆ ವಯಸ್ಸಾದ ಮೇಲೆ ಅವರನ್ನೂ ಹಾಗೆಯೇ ಕೇಳುತ್ತಿದ್ದರು. ತಂದೆಯ ಕತ್ತಿನಲ್ಲಿ ಯಾವ ಕೊಳವೆಯೂ ಇರಲಿಲ್ಲ.

“ಹನ್ನೆರಡಕ್ಕೆ ಯಂತ್ರ ನುಗ್ಗಿದ್ರೆ ನನ್ನ ಗಂಟಲು ಮುಚ್ಚುತ್ತೆ ಮೇಡಂ,” ಎಂದಳು ಸಿಂಚನಾ, ಮೂರನೆಯ ಉಸಿರಿನಲ್ಲಿ. “ದನಿ ನಿಲ್ಲುತ್ತೆ. ಅಲ್ಲಿರೋ ಮಗು ತಿರುಗಿ ನೋಡುತ್ತೆ.”

ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗೋಡೆಯ ಅಂಕಿಯಿಂದ ಅವರ ಕಣ್ಣು ಕದಲಿರಲಿಲ್ಲ. ಅವರು ಮಾತಾಡಿದಾಗ ದನಿಯಲ್ಲಿ ಅಧಿಕಾರವಿರಲಿಲ್ಲ, ಕಳಕಳಿಯೇ ಇತ್ತು.

“ನೀವು ಹೇಳಿದ್ದು ಕೇಳಿಸ್ತು ಸಿಂಚನಾ. ಆದರೆ ನೀವು ಇಷ್ಟುದ್ದ ಮಾತಾಡೋದನ್ನ ನೋಡೋಕೆ ನನ್ನ ಕೈಲಿ ಆಗ್ತಿಲ್ಲ. ಆಯಾಸ ಮಾಡ್ಕೋಬೇಡಿ. ಹನ್ನೆರಡು ಸೆಕೆಂಡಿಗೆ ಒಪ್ಪಿಗೆಯಾ? ಹೌದು ಅಥವಾ ಇಲ್ಲ, ಒಂದೇ ಮಾತಲ್ಲಿ ಹೇಳಿಬಿಡಿ, ಸಾಕು.”

ಯಂತ್ರ ಗಂಟಲಿನ ಮಿಡಿತವನ್ನು ಓದಿತು. ಇದುವರೆಗೆ ಕೊಟ್ಟದ್ದಕ್ಕಿಂತ ದೊಡ್ಡ ಉಸಿರನ್ನು ತುಂಬಿ ಕಾಯುತ್ತ ನಿಂತಿತು.

“ಒಂದೇ ಮಾತಲ್ಲಿ ನಾನು ಹೇಳೋದಿಲ್ಲ ಮೇಡಂ, ಅದಕ್ಕೆ ಇನ್ನೊಂದು ವರ್ಷ ಕಾಯಬೇಕಾದ್ರೂ ಸರಿ,” ಎಂದಳು ಸಿಂಚನಾ.